ಅಪರಾಧಿ ಯಾರು ಎಂದು ಕೇಳಿದ ಗೌರಮ್ಮ

ಗೋಣಿಕೊಪ್ಪಲಿನ ಕಾಲೇಜಿಗೆ ಬಸ್ಸು ಹತ್ತುವ ನಮ್ಮೂರುಗಳ ಹುಡುಗಿಯರು ದಾರಿಯಲ್ಲಿ ಮೊಬೈಲಿನಲ್ಲೇ ಕಥೆ ಓದುತ್ತಾರೆ. ಹುಡುಗ ಬೆನ್ನುಬಿದ್ದು ಕಾಡಿದರೆ ಅದು ಪ್ರೀತಿ, ಹುಡುಗಿ ಸಹಿಸಿಕೊಂಡರೆ ಒಳ್ಳೆಯವಳು. ಇಂಥ ಕಥೆಗಳಿಗೆ ಇವತ್ತಿಗೂ ಬರವಿಲ್ಲ. ಆದರೆ ಇದೇ ಕೊಡಗಿನ ಹೆಣ್ಣುಮಗಳೊಬ್ಬರು 1930ರ ದಶಕದಲ್ಲೇ ಬೇರೆ ಥರ ಬರೆದಿದ್ದರು.

ಕೊಡಗಿನ ಗೌರಮ್ಮ ಹುಟ್ಟಿದ್ದು 1912ರಲ್ಲಿ, ಮಡಿಕೇರಿಯಲ್ಲಿ. ಮದುವೆಯಾಗಿ ಬಾಳಿದ್ದು ಸುಂಟಿಕೊಪ್ಪದ ಹತ್ತಿರ ಗುಂಡುಗುಟ್ಟಿಯ ಕಾಫಿ ತೋಟದಲ್ಲಿ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಉಪವಾಸ ಕೂತು ತಮ್ಮ ಮನೆಗೆ ಕರೆಸಿಕೊಂಡರು, ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟರು. ಅಂಥ ಗಟ್ಟಿಗಿತ್ತಿಯೂ ಕಥೆಗಳಿಗೆ ಹಾಕುತ್ತಿದ್ದ ಹೆಸರು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’. ಅಂದರೆ ಗಂಡನ ಹೆಸರು.

ಅವರ ಕಥೆಗಳಲ್ಲಿ ಇರುವವರು ಎಳೆಯ ಹೆಣ್ಣುಮಕ್ಕಳು: ಬಾಲವಿಧವೆಯರು, ನಂಬಿ ಮೋಸಹೋದವರು. ಆದ ಅನ್ಯಾಯವನ್ನು ಗೌರಮ್ಮ ಮುಚ್ಚಿಡಲಿಲ್ಲ, ಹಣೆಬರಹ ಎಂದು ಒಪ್ಪಿಸಲೂ ಇಲ್ಲ. ‘ಅಪರಾಧಿ ಯಾರು?’ ಎಂಬ ಕಥೆಯ ಹೆಸರೇ ಒಂದು ಪ್ರಶ್ನೆ. ಹೆಣ್ಣು ಕೆಟ್ಟಳು ಎಂದು ಊರು ಬೆರಳು ತೋರಿಸಿದರೆ, ಅವರು ಆ ಬೆರಳನ್ನು ಊರಿನ ಕಡೆಗೇ ತಿರುಗಿಸಿದರು.

1939ರ ಏಪ್ರಿಲ್ 13ರಂದು ನೀರಿನಲ್ಲಿ ಮುಳುಗಿ ತೀರಿಕೊಂಡಾಗ ಅವರಿಗೆ 27 ವರ್ಷ. ‘ಕಂಬನಿ’, ‘ಚಿಗುರು’ ಪುಸ್ತಕಗಳಾಗಿ ಬಂದದ್ದು ಆಮೇಲೆ.

ಕಥೆಯಲ್ಲಿ ಹೆಣ್ಣಿಗೆ ಅವಮಾನ ಆಗಲೇಬಾರದು ಎಂದು ನಾವು ಹೇಳುತ್ತಿಲ್ಲ. ಊರಲ್ಲಿ ನಡೆಯುವುದು ಕಥೆಯಲ್ಲೂ ಬರಲಿ. ಆದರೆ ಓದಿ ಮುಗಿಸಿದಾಗ ಆ ಕಥೆ ತಪ್ಪನ್ನು ಯಾರ ತಲೆಗೆ ಕಟ್ಟುತ್ತಿದೆ? ಮಕ್ಕಳ ಕೈಗೆ ಕಥೆ ಕೊಡುವ ಮೊದಲು ನಾವೆಲ್ಲ ಅದನ್ನು ನೋಡಬೇಕು.