ಗೂಢಲಿಪಿಯ ಕಡತಕೋಶ: ಸ್ನ್ಯಾಪ್‌ಶಾಟ್‌ನಲ್ಲಿ ಉಳಿಯುವುದೇನು?

ಕಡತ ವ್ಯವಸ್ಥೆಯು ಒಂದು ಕ್ಷಣದಲ್ಲಿ ಹೇಗಿತ್ತೋ ಹಾಗೆಯೇ ಅದನ್ನು ಕಾದಿರಿಸುವ ವಿಧಾನಕ್ಕೆ ಸ್ನ್ಯಾಪ್‌ಶಾಟ್ ಎಂದು ಹೆಸರು. ಇಲ್ಲಿ ಇಡೀ ಡಿಸ್ಕಿನ ನಕಲು ನಡೆಯುವುದಿಲ್ಲ. ಮುಂದೆ ಬದಲಾಗುವ ಭಾಗಗಳ ಹಳೆಯ ರೂಪವನ್ನು ಅಳಿಸದೆ ಉಳಿಸಿಕೊಳ್ಳಲಾಗುತ್ತದೆ, ಅಷ್ಟೆ. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ರೂಪುಗೊಂಡ ಝಡ್‌ಎಫ್‌ಎಸ್ ವ್ಯವಸ್ಥೆಯಲ್ಲಿ ಈ ಹಳೆಯ ಪ್ರತಿಗಳು 'ಡಾಟ್ ಝಡ್‌ಎಫ್‌ಎಸ್' ಎಂಬ ಮರೆಯ ಕಡತಕೋಶದಲ್ಲಿರುತ್ತವೆ. ಸಾಮಾನ್ಯವಾಗಿ ಪಟ್ಟಿಯಲ್ಲಿ ಅದು ಕಾಣಿಸದು. ಹೆಸರನ್ನು ಬೆರಳಚ್ಚಿಸಿದರೆ ತೆರೆದುಕೊಳ್ಳುತ್ತದೆ. ತಪ್ಪಿ ಅಳಿಸಿದ ಕಡತವನ್ನು ಬಳಕೆದಾರರು ನಿರ್ವಾಹಕರ ಮೊರೆಹೋಗದೆ ತಾವೇ ಮರಳಿ ಪಡೆಯಬಹುದು.

ಕಡತಗಳು ಗೂಢಲಿಪಿಯಲ್ಲಿದ್ದರೆ ಈ ಸೌಲಭ್ಯ ಅಷ್ಟು ಸರಳವಲ್ಲ. ಉಬುಂಟು ಲಿನಕ್ಸ್ 2009ರಿಂದ ಇಡೀ ಗೃಹ ಕಡತಕೋಶಕ್ಕೆ ಒದಗಿಸಿ, 2018ರಲ್ಲಿ ಸ್ಥಾಪನಾ ತಂತ್ರಾಂಶದಿಂದ ಕೈಬಿಟ್ಟ ಇಕ್ರಿಪ್ಟ್‌ಎಫ್‌ಎಸ್ ಇದಕ್ಕೆ ತಕ್ಕ ನಿದರ್ಶನ. ಅದು ಕಡತ ವ್ಯವಸ್ಥೆಯ ಮೇಲೆ ಹೊದಿಸಿದ ಪದರ. ಬಳಕೆದಾರರು ಓದುವುದು ಮೇಲಿನ ಪದರವನ್ನು. ಸ್ನ್ಯಾಪ್‌ಶಾಟ್ ಹಿಡಿದಿಡುವುದು ಕೆಳಗಿನದನ್ನು. ಆದ್ದರಿಂದ ಹಳೆಯ ಪ್ರತಿಯನ್ನು ತೆರೆದರೆ ಅರ್ಥವಾಗದ ಉದ್ದುದ್ದ ಹೆಸರುಗಳಷ್ಟೇ ಕಾಣುತ್ತವೆ. ಯಾವುದು ಲೆಕ್ಕಪತ್ರ, ಯಾವುದು ಛಾಯಾಚಿತ್ರ ಎಂದು ಗುರುತಿಸುವಂತೆಯೂ ಇಲ್ಲ. ಆ ಹಳೆಯ ಕಡತಕೋಶವನ್ನು ಓದಲು ಮಾತ್ರ ಅನುಮತಿಯಿರುವಂತೆ ಬೇರೆಯಾಗಿ ಜೋಡಿಸಿ, ಮೂಲ ಕೀಲಿವಾಕ್ಯವನ್ನು ನೀಡಬೇಕು. ಇದಕ್ಕೆ ಸಾಮಾನ್ಯವಾಗಿ ನಿರ್ವಾಹಕರ ಅಧಿಕಾರವೂ ಬೇಕು. ಕೀಲಿವಾಕ್ಯವೆಂದರೆ ದಿನವೂ ಬಳಸುವ ಪಾಸ್‌ವರ್ಡ್ ಅಲ್ಲ. ಬರೆದಿಟ್ಟುಕೊಳ್ಳಿರೆಂದು ಉಬುಂಟು ಸೂಚಿಸುತ್ತಿದ್ದುದು ಇದನ್ನೇ. ಆ ಸೂಚನೆಯನ್ನು ಓದದೆ ಮುಚ್ಚಿದವರಿಗೆ ಅದರ ಬೆಲೆ ತಿಳಿಯುವುದು ಡಿಸ್ಕು ಕೆಟ್ಟ ದಿನ.

ಲಿನಕ್ಸ್‌ನ ಝಡ್‌ಎಫ್‌ಎಸ್ 0.8 ಆವೃತ್ತಿ (2019) ಗೂಢಲಿಪಿಯನ್ನು ಕಡತ ವ್ಯವಸ್ಥೆಯ ಒಳಗೇ ತಂದಿತು. ಕೀಲಿ ನೀಡಿದ ಮೇಲೆ ಹಳೆಯ ಪ್ರತಿಗಳೂ ಇಂದಿನ ಕಡತಗಳಂತೆಯೇ ಓದಲು ದೊರೆಯುತ್ತವೆ. ಕೀಲಿ ತೆಗೆದರೆ ನಿರ್ವಾಹಕರಿಗೂ ದಕ್ಕವು. ಪಾಸ್‌ವರ್ಡ್ ಬದಲಿಸಿದರೂ ಹಳೆಯ ಪ್ರತಿಗಳು ಕೈತಪ್ಪುವುದಿಲ್ಲ, ಏಕೆಂದರೆ ಪಾಸ್‌ವರ್ಡ್ ಕಾಯುವುದು ಒಳಗಿನ ಮುಖ್ಯ ಕೀಲಿಯನ್ನು. ಆ ಮುಖ್ಯ ಕೀಲಿ ಬದಲಾಗದು. ಸ್ನ್ಯಾಪ್‌ಶಾಟ್‌ಗಳ ಹೆಸರುಗಳು ಮಾತ್ರ ಬಯಲಾಗಿಯೇ ಇರುತ್ತವೆ. ಹೆಸರಿನಲ್ಲಿ ಗುಟ್ಟು ಬರೆಯಬಾರದು.

ಹೆಚ್ಚಿನ ಅಪಾಯ ಬೇರೆಡೆ ಇದೆ. ಕಡತವೊಂದನ್ನು ಗೂಢಲಿಪಿಯ ಕೋಶಕ್ಕೆ ಸಾಗಿಸಿ ಮೂಲವನ್ನು ಅಳಿಸಿದರೂ, ಅದಕ್ಕೆ ಮುಂಚಿನ ಸ್ನ್ಯಾಪ್‌ಶಾಟ್‌ಗಳಲ್ಲಿ ಅದು ಬಯಲಾಗಿ ಉಳಿದಿರುತ್ತದೆ. ಅಂದು ಓದುವ ಅನುಮತಿ ಇದ್ದವರು ಇಂದೂ ಓದಬಲ್ಲರು. ಆಮೇಲೆ ಅನುಮತಿ ಹಿಂಪಡೆದುದು ಹಳೆಯ ಪ್ರತಿಗೆ ಅನ್ವಯಿಸದು. ಎನ್ಕ್‌ಎಫ್‌ಎಸ್ ತಂತ್ರಾಂಶದ ಬಗ್ಗೆ 2014ರಲ್ಲಿ ನಡೆದ ಭದ್ರತಾ ಪರಿಶೀಲನೆ ಮತ್ತೊಂದು ಎಚ್ಚರಿಕೆ ನೀಡಿತು: ಗೂಢಲಿಪಿಯ ಒಂದೇ ಪ್ರತಿ ದೊರೆತವನಿಗಿಂತ, ಬೇರೆ ಬೇರೆ ಕಾಲದ ಎರಡು ಪ್ರತಿಗಳನ್ನು ಹೋಲಿಸಬಲ್ಲವನಿಂದ ಅಪಾಯ ಹೆಚ್ಚು. ಸ್ನ್ಯಾಪ್‌ಶಾಟ್‌ಗಳು ಒದಗಿಸುವುದು ಅಂಥ ಪ್ರತಿಗಳ ಸಾಲನ್ನೇ.

ಬಯಲು ರೂಪವಿರುವ ಸ್ನ್ಯಾಪ್‌ಶಾಟ್‌ಗಳನ್ನು ನಿರ್ವಾಹಕರ ಮೂಲಕ ಅಳಿಸಿಹಾಕಬೇಕು. ಅದಕ್ಕೆ ಮೊದಲು ಗೂಢಲಿಪಿಯ ಹೊಸ ಪ್ರತಿಯನ್ನು ಒಮ್ಮೆ ತೆರೆದು, ಓದಲು ಬರುತ್ತದೆಯೇ ಎಂದು ನೋಡಿಕೊಳ್ಳುವುದು ಲೇಸು.