ಒಂದಾದ ನಾಡಿನ ಮೊದಲ ಮತ

ಮೆನ್ಲೋ ಪಾರ್ಕಿನಲ್ಲಿ ನಾವು ನಾಲ್ಕು ಜನ ಕನ್ನಡಿಗರು ಸೇರಿದರೆ ಹೊಸಬರಿಗೆ ಬೀಳುವ ಮೊದಲ ಪ್ರಶ್ನೆ, "ನಿಮ್ಮದು ಯಾವ ಕಡೆ?" ಒಬ್ಬರು ಮೈಸೂರು ಎನ್ನುತ್ತಾರೆ, ಉಳಿದವರು ಧಾರವಾಡ, ಕಲಬುರಗಿ, ಮಂಗಳೂರು, ಮಡಿಕೇರಿ. 1956ರ ಅಕ್ಟೋಬರ್ ಕೊನೆಯವರೆಗೆ ಈ ಐದು ಊರುಗಳು ಐದು ಬೇರೆ ಬೇರೆ ರಾಜ್ಯಗಳಲ್ಲಿದ್ದವು ಎಂಬುದು ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಗೊತ್ತಿರಲಾರದು.

ಧಾರವಾಡ ಮುಂಬಯಿ ರಾಜ್ಯದಲ್ಲಿತ್ತು, ಕಲಬುರಗಿ ಹೈದರಾಬಾದಿನಲ್ಲಿ, ಮಂಗಳೂರು ಮದರಾಸಿನಲ್ಲಿ. ಕೊಡಗಿಗೆ ತನ್ನದೇ ಪುಟ್ಟ ರಾಜ್ಯ, 24 ಸದಸ್ಯರ ಸ್ವಂತ ಶಾಸನಸಭೆ. 1956ರ ನವೆಂಬರ್ 1ರಂದು ಇವೆಲ್ಲ ಮೈಸೂರಿನೊಡನೆ ಸೇರಿ 19 ಜಿಲ್ಲೆಗಳ ಹೊಸ ರಾಜ್ಯವಾಯಿತು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾದರು.

ಆದರೆ ಗೆರೆ ಎಳೆದದ್ದು ದಿಲ್ಲಿಯ ಕಾನೂನು. ಹೊಸ ಸಭೆಯಲ್ಲಿ ಕುಳಿತವರು ಹಿಂದಿನ ರಾಜ್ಯಗಳಲ್ಲಿ ಆರಿಸಿ ಬಂದಿದ್ದವರು. ಮನಸ್ಸುಗಳಲ್ಲಿ ಅಳುಕೂ ಇತ್ತು. ನೀರಾವರಿ, ವಿದ್ಯುತ್ತಿನಲ್ಲಿ ಮುಂದಿದ್ದ ತಮ್ಮ ರಾಜ್ಯದ ಹಣ ಉತ್ತರಕ್ಕೆ ಹರಿದೀತೆಂದು ಹಳೆಯ ಮೈಸೂರಿನ ಅನೇಕರಿಗೆ ಚಿಂತೆ. ದೂರದ ಬೆಂಗಳೂರು ನಮ್ಮನ್ನು ಕೇಳೀತೇ ಎಂದು ಉತ್ತರದವರಿಗೆ ಚಿಂತೆ. ಆದ್ದರಿಂದಲೇ ಕೆಲವೇ ತಿಂಗಳಲ್ಲಿ, 1957ರ ಆರಂಭದಲ್ಲಿ ಬಂದ ವಿಧಾನಸಭಾ ಚುನಾವಣೆಗೆ ವಿಶೇಷ ಅರ್ಥವಿತ್ತು. ಬೀದರಿನಿಂದ ಕೊಳ್ಳೇಗಾಲದವರೆಗಿನ ಕನ್ನಡಿಗರು ಒಂದೇ ಸಭೆಗಾಗಿ ಮತ ಹಾಕಿದ್ದು ಅದೇ ಮೊದಲು.

ಆಗ ಮತಚೀಟಿಯ ಮೇಲೆ ಮುದ್ರೆ ಒತ್ತುವ ಪದ್ಧತಿ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವರ ಗುರುತು. ಓದು ಬಾರದವರೂ ಜೋಡೆತ್ತು, ಗುಡಿಸಲು ನೋಡಿ ಚೀಟಿ ಹಾಕಿದರು. 208 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 150, ಪ್ರಜಾ ಸಮಾಜವಾದಿ ಪಕ್ಷಕ್ಕೆ 18, ಪಕ್ಷೇತರರಿಗೆ 35. ಬೆಳಗಾವಿ ಗಡಿಯಿಂದ ಮಹಾರಾಷ್ಟ್ರಕ್ಕೆ ಸೇರಬೇಕೆಂಬ ಅಭ್ಯರ್ಥಿಗಳೂ ಗೆದ್ದು ಅದೇ ಸದನಕ್ಕೆ ಬಂದರು. ಜಗಳವಾದರೂ ಒಂದೇ ಚಾವಡಿಯಲ್ಲಿ ಆಗಲಿ ಎಂಬಂತೆ!

ಜರ್ಮನಿ 1990ರ ಅಕ್ಟೋಬರ್ 3ರಂದು ಒಂದಾದಾಗ, ಹನ್ನೊಂದೇ ದಿನಗಳಲ್ಲಿ ಪೂರ್ವದ ಐದು ರಾಜ್ಯಗಳಲ್ಲಿ ಚುನಾವಣೆ ನಡೆಯಿತು. ಅಲ್ಲಿ ಐದು ರಾಜ್ಯಗಳಿಗೆ ಐದು ಸಭೆಗಳು. ನಮ್ಮಲ್ಲಿ ಐದು ಭಾಗಗಳಿಗೆ ಒಂದೇ ಸಭೆ. ಕೊಡಗಿನವರು ತಮ್ಮ ಸಭೆಯನ್ನೇ ಬಿಟ್ಟುಕೊಟ್ಟು ಬಂದರು ಎಂಬುದನ್ನು ನೆನೆದರೆ ಆ ಒಂದರ ಬೆಲೆ ತಿಳಿಯುತ್ತದೆ.

ಆ ಸಭೆ ಏನು ಮಾಡಿತು? 1958ರಲ್ಲಿ ಜಮಖಂಡಿಯ ಬಿ.ಡಿ. ಜತ್ತಿ ಮುಖ್ಯಮಂತ್ರಿಯಾದರು. ಒಂದೂವರೆ ವರ್ಷದ ಹಿಂದೆ ಮುಂಬಯಿ ರಾಜ್ಯದಲ್ಲಿದ್ದ ಊರಿನವರು ವಿಧಾನಸೌಧದಲ್ಲಿ ಆಡಳಿತದ ಚುಕ್ಕಾಣಿ ಹಿಡಿದರು. ಅವರೇ ಅಧ್ಯಕ್ಷರಾಗಿದ್ದ ಸಮಿತಿಯ ಶ್ರಮದಿಂದ, ಒಂದೊಂದು ಭಾಗಕ್ಕೆ ಒಂದೊಂದಾಗಿದ್ದ ಗೇಣಿ ಕಾನೂನುಗಳ ಬದಲಿಗೆ ಇಡೀ ರಾಜ್ಯಕ್ಕೆ 1961ರ ಭೂಸುಧಾರಣಾ ಕಾನೂನು ರೂಪುಗೊಂಡಿತು.

ಒಂದು ನೋವು ಮಾತ್ರ ಉಳಿಯಿತು. ಕಾಸರಗೋಡು ಕೇರಳಕ್ಕೆ ಸೇರಿತ್ತು. 1957ರಲ್ಲಿ ಅಲ್ಲಿಯ ಕನ್ನಡಿಗರ ಮತ ತಿರುವನಂತಪುರದ ಸಭೆಗೆ ಹೋಯಿತು. ಮಂಜೇಶ್ವರದಲ್ಲಿ ಪಕ್ಷೇತರರಾದ ಎಂ. ಉಮೇಶ ರಾಯರು ಅವಿರೋಧವಾಗಿ ಆರಿಸಿ ಬಂದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಲೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಗೆರೆ ಕದಲಲಿಲ್ಲ.

ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಅದಕ್ಕೂ ಹದಿನಾರು ವರ್ಷ ಮೊದಲೇ ನಮ್ಮ ಅಜ್ಜ ಅಜ್ಜಿಯರು, ಒಬ್ಬರ ಮುಖ ಒಬ್ಬರು ಕಾಣದಿದ್ದರೂ, ಒಂದೇ ಮನೆಗೆಂದು ಚೀಟಿ ಹಾಕಿ ಬಂದಿದ್ದರು. ಈ ವರ್ಷ ನಮ್ಮ ಕೂಟದ ಹುಟ್ಟುಹಬ್ಬದಲ್ಲಿ ಯಾರಾದರೂ "ಯಾವ ಕಡೆ?" ಎಂದು ಕೇಳಿದಾಗ ಊರಿನ ಹೆಸರು ಹೇಳಿ, ಪಕ್ಕದಲ್ಲಿರುವ ಮಕ್ಕಳಿಗೆ ಈ ಕಥೆಯನ್ನೂ ಹೇಳಿ. ಕಾಸರಗೋಡಿನವರು ಬಂದಿದ್ದರೆ ಅವರನ್ನು ನಮ್ಮ ಪಂಕ್ತಿಯಲ್ಲೇ ಕೂರಿಸಿಕೊಳ್ಳೋಣ.