ಪಕ್ಕೆಲುಬಿನಿಂದ ಪಂಪಿನವರೆಗೆ



ಈ ಸಲದ ಬರಹವನ್ನು ರೇಡಿಯೋದಲ್ಲಿ ಓದುವುದಿಲ್ಲ. ನಮ್ಮ ಕನ್ನಡ ಕಾರ್ಯಕ್ರಮ ಬರುವ ಹೊತ್ತಿಗೆ ನಿಮ್ಮ ಮನೆಯಲ್ಲಿ ಅಜ್ಜಿ, ಮಕ್ಕಳು, ಸೊಸೆ ಎಲ್ಲರೂ ಸುತ್ತಮುತ್ತ ಇರುತ್ತಾರೆ. ಯಾರಾದರೂ ಎದ್ದು ರೇಡಿಯೋ ಆಫ್ ಮಾಡುವುದು ಖಂಡಿತ. ಕಾಗದದ ಮೇಲಾದರೆ ನೀವೊಬ್ಬರೇ ಕೂತು ಓದಬಹುದು. ಬೇಕೆನಿಸಿದರೆ ಮಡಚಿ ಇನ್ನೊಬ್ಬರ ಕೈಗೂ ಕೊಡಬಹುದು.

ಇದನ್ನು ಬರೆಯಲು ಕಾರಣ ಒಂದು ಫೋನ್ ಕರೆ. ಹಾಡು ಕೇಳಲು ಫೋನ್ ಮಾಡಿದ್ದವರೊಬ್ಬರು ಹಾಡಿನ ಹೆಸರು ಹೇಳಿ ಮುಗಿದ ಮೇಲೂ ಫೋನ್ ಇಡಲಿಲ್ಲ. "ಸರ, ಇನ್ನೊಂದು ಮಾತು ಐತ್ರಿ. ಹೆಸರು ಮಾತ್ರ ಕೇಳಬ್ಯಾಡ್ರಿ" ಎಂದರು. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆಯಂತೆ. ನಾಲ್ಕು ವರ್ಷದಿಂದ ಹೆಂಡತಿಯ ಮುಖ ನೋಡಿ ಮಾತಾಡಲೂ ಸಂಕೋಚವಂತೆ. ಲೋಕಲ್ ಟ್ರೈನಿನ ಡಬ್ಬಿಯಲ್ಲಿ ಅಂಟಿಸಿದ್ದ ಚೀಟಿ ನೋಡಿ ಪುಡಿ ತಂದು ತಿಂದಿದ್ದಾರೆ, ದುಡ್ಡು ಹೋಗಿದೆ, ಗುಣ ಕಂಡಿಲ್ಲ. ಕೊನೆಗೆ ದನಿ ತಗ್ಗಿಸಿ ಕೇಳಿದರು: "ಒಳಗ ಏನೋ ಪಂಪ್ ಕೂಡಸ್ತಾರಂತಲ್ರಿ, ಖರೇ ಏನ್ರಿ? ನಗಬ್ಯಾಡ್ರಿ ಮತ್ತ."

ನಗಲಿಲ್ಲ. ಆದರೆ ಉತ್ತರ ನನಗೂ ಗೊತ್ತಿರಲಿಲ್ಲ. ಓದುತ್ತಾ ಹೋದಾಗ ಆ ಪಂಪಿನ ಹಿಂದೆ ದೊಡ್ಡದೊಂದು ಇತಿಹಾಸವೇ ಇದೆ ಎಂದು ತಿಳಿಯಿತು. ಬನ್ನಿ, ಮೊದಲಿನಿಂದ ನೋಡೋಣ.

ಗಾಳಿಯೋ, ರಕ್ತವೋ?

ಗಂಡಸಿನ ಅಂಗ ನಿಮಿರುವುದು ಹೇಗೆ? ಬಹಳ ಕಾಲ ಯುರೋಪಿನ ವೈದ್ಯರು ಒಳಗೆ ಗಾಳಿ ತುಂಬಿಕೊಳ್ಳುತ್ತದೆ ಎಂದೇ ನಂಬಿದ್ದರು. ನೇಣಿಗೇರಿದವರ ಶವಗಳನ್ನು ಗಮನಿಸಿ, ಅಲ್ಲಿ ತುಂಬುವುದು ಗಾಳಿಯಲ್ಲ ರಕ್ತ ಎಂದು ಬರೆದಿಟ್ಟವನು ಲಿಯೊನಾರ್ಡೊ ಡ ವಿಂಚಿ. ಹೌದು, ಮೊನಾಲಿಸಾ ಬರೆದ ಅದೇ ಚಿತ್ರಕಾರ! 1668ರಲ್ಲಿ ಹಾಲೆಂಡಿನ ರೆನ್ಯೇ ಡಿ ಗ್ರಾಫ್ ಎಂಬ ವೈದ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಶವದ ರಕ್ತನಾಳಕ್ಕೆ ಪಿಚಕಾರಿಯಿಂದ ದ್ರವ ಹಾಯಿಸಿ ಅಂಗ ನಿಮಿರುವುದನ್ನು ತೋರಿಸಿದ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುನ್ನೂರು ವರ್ಷದ ನಂತರ ಬಂದ ಪಂಪಿನ ಬೀಜ ಇಲ್ಲೇ ಇದೆ.

ಒಳಗಿನ ರಚನೆ ಸರಳ. ಶಿಶ್ನದ ಉದ್ದಕ್ಕೂ ಅಕ್ಕಪಕ್ಕ ಎರಡು ಸ್ಪಂಜಿನಂಥ ಕೊಳವೆಗಳಿವೆ. ಅವುಗಳ ಸುತ್ತ ಗಟ್ಟಿಯಾದ ಪೊರೆ ಇದೆ. ನರದಿಂದ ಸೂಚನೆ ಬಂದಾಗ ರಕ್ತನಾಳ ಸಡಿಲಗೊಂಡು ಸ್ಪಂಜಿನೊಳಗೆ ರಕ್ತ ನುಗ್ಗುತ್ತದೆ. ತುಂಬಿದ ಸ್ಪಂಜು ಪೊರೆಗೆ ಒತ್ತಿ, ರಕ್ತ ಹೊರಗೆ ಹೋಗುವ ದಾರಿ ಮುಚ್ಚುತ್ತದೆ. ಸೈಕಲ್ ಟ್ಯೂಬಿಗೆ ಗಾಳಿ ಹೊಡೆದಂತೆ ಎನ್ನಿ. ನಾಯಿಗೆ, ಕಡಲಸಿಂಹದ ಬಳಗದ ವಾಲ್ರಸ್‌ಗೆ ಅಲ್ಲಿ ಎಲುಬೇ ಇದೆ. ಮನುಷ್ಯನಿಗಿಲ್ಲ. ಹಾಗಾಗಿ ರಕ್ತನಾಳ, ನರ, ಸ್ಪಂಜು ಈ ಮೂರರಲ್ಲಿ ಯಾವುದು ಕೆಟ್ಟರೂ ಕೆಲಸ ನಿಂತಿತು. ಸಕ್ಕರೆ ಕಾಯಿಲೆ ಈ ಮೂರನ್ನೂ ಕೆಡಿಸಬಲ್ಲದು.

ಇದು ತಿಳಿಯುವ ತನಕ ಜಗತ್ತು ಮಾಡದ ಪ್ರಯೋಗವಿಲ್ಲ. ನಮ್ಮ ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣವೂ ಒಂದು. 1889ರಲ್ಲಿ ಪ್ಯಾರಿಸ್ಸಿನ ಬ್ರೌನ್ ಸೆಕಾರ್ ಎಂಬ ಹೆಸರಾಂತ ವಿಜ್ಞಾನಿ, ತನ್ನ 72ನೆಯ ವಯಸ್ಸಿನಲ್ಲಿ, ನಾಯಿ ಮತ್ತು ಗಿನಿ ಹಂದಿಗಳ ವೃಷಣದ ರಸವನ್ನು ತನಗೇ ಚುಚ್ಚಿಕೊಂಡು ಯೌವನ ಮರಳಿತೆಂದು ಸಾರಿದರು. 1920ರ ದಶಕದಲ್ಲಿ ಸರ್ಜ್ ವೊರೊನೊಫ್ ಎಂಬ ಸರ್ಜನ್ ಶ್ರೀಮಂತರಿಗೆ ಮಂಗನ ವೃಷಣದ ಚೂರುಗಳನ್ನು ಕಸಿ ಮಾಡಿದರು. ಹಣ ಹೋಯಿತು, ಯೌವನ ಬರಲಿಲ್ಲ. ಟ್ರೈನಿನ ಚೀಟಿಗೂ ಪ್ಯಾರಿಸ್ಸಿಗೂ ಇಲ್ಲಿ ದೊಡ್ಡ ಅಂತರವೇನಿಲ್ಲ ನೋಡಿ.

ಕಾಲಿಲ್ಲದ ಸರ್ಜನ್

ನಿಜವಾದ ಕಥೆ ಶುರುವಾಗುವುದು ಸೋವಿಯತ್ ರಷ್ಯಾದಲ್ಲಿ. ನಿಕೊಲಾಯ್ ಬೊಗೊರಾಜ್ ಎಂಬ ಸರ್ಜನ್ 1920ರಲ್ಲಿ ರೊಸ್ಟೊವ್‌ನಲ್ಲಿ ಟ್ರಾಮಿನ ಕೆಳಗೆ ಸಿಕ್ಕಿ ಎರಡೂ ಕಾಲು ಕಳೆದುಕೊಂಡರು. ಮನೆಯಲ್ಲಿ ಕೂರಲಿಲ್ಲ. ಕೃತಕ ಕಾಲುಗಳ ಮೇಲೆ ನಿಂತು ಮತ್ತೆ ಆಪರೇಷನ್ ಮಾಡತೊಡಗಿದರು. ಅಪಘಾತದಲ್ಲಿ ಅಂಗ ಕಳೆದುಕೊಂಡವನಿಗೆ ಹೊಟ್ಟೆಯ ಚರ್ಮದಿಂದ ಹೊಸ ಶಿಶ್ನ ರಚಿಸಿ, ಅದು ಗಟ್ಟಿಯಾಗಿ ನಿಲ್ಲಲೆಂದು ರೋಗಿಯದೇ ಪಕ್ಕೆಲುಬಿನ ಮೃದ್ವಸ್ಥಿಯ ತುಂಡನ್ನು ಒಳಗಿಟ್ಟರು. 1936ರಲ್ಲಿ ಅದನ್ನು ಪ್ರಕಟಿಸಿದರು. ಶಿಶ್ನದೊಳಗಿನ ಆಸರೆಯ ಇತಿಹಾಸವನ್ನು ವೈದ್ಯರು ಎಣಿಸುವುದು ಇಲ್ಲಿಂದಲೇ. ಕಾಲಿಲ್ಲದೆ ಬದುಕುವುದು ಎಂದರೇನೆಂದು ತಿಳಿದಿದ್ದ ಮನುಷ್ಯ, ಇನ್ನೊಬ್ಬನ ಇಂಥ ಕೊರತೆಯನ್ನು ತಮಾಷೆಯೆಂದು ತಳ್ಳಿಹಾಕಲಿಲ್ಲ.

ಆದರೆ ಮೃದ್ವಸ್ಥಿ ಬಾಳಿಕೆ ಬರಲಿಲ್ಲ. ದೇಹ ಅದನ್ನು ನಿಧಾನವಾಗಿ ಕರಗಿಸಿಬಿಡುತ್ತಿತ್ತು, ಇಲ್ಲವೇ ಅದು ಬಾಗುತ್ತಿತ್ತು. ಎರಡನೆಯ ಮಹಾಯುದ್ಧದ ನಂತರ ಪ್ಲಾಸ್ಟಿಕ್ ಕಾಲ ಬಂತು. 1950ರ ದಶಕದಲ್ಲಿ ಅಮೆರಿಕದ ವೈದ್ಯರು ಅಕ್ರಿಲಿಕ್ ಕಡ್ಡಿಗಳನ್ನಿಟ್ಟು ನೋಡಿದರು. ಕಡ್ಡಿಯನ್ನು ಚರ್ಮದ ಕೆಳಗಷ್ಟೇ ಇಟ್ಟರೆ ನೋವು, ಹುಣ್ಣು, ಕೊನೆಗೆ ಅದು ಚರ್ಮ ಹರಿದು ಹೊರಬರುವುದು. ಇದಕ್ಕೆ ಸರಿಯಾದ ಜಾಗ ತೋರಿಸಿದವರು ಈಜಿಪ್ಟಿನ ಬೆಹೇರಿ. ರಕ್ತ ತುಂಬುವ ಆ ಎರಡು ಕೊಳವೆಗಳ ಒಳಗೇ ಒಂದೊಂದು ಪಾಲಿಥೀನ್ ಕಡ್ಡಿ ಇಟ್ಟು, 1966ರಲ್ಲಿ ತಮ್ಮ ಅನುಭವ ಪ್ರಕಟಿಸಿದರು. ಇಂದಿಗೂ ಇಂಪ್ಲಾಂಟ್ ಕೂರಿಸುವುದು ಅದೇ ಜಾಗದಲ್ಲಿ.

1973: ದ್ರವ ಮತ್ತೆ ಬಂತು

ಮುಂದಿನ ಮಾತು ಅಮೆರಿಕದ ಹ್ಯೂಸ್ಟನ್ ನಗರದ್ದು. ಬ್ರಾಂಟ್ಲಿ ಸ್ಕಾಟ್ ಎಂಬ ಮೂತ್ರಾಂಗ ಸರ್ಜನ್, ಮಿನೆಸೋಟದ ನರರೋಗ ತಜ್ಞ ವಿಲಿಯಂ ಬ್ರಾಡ್ಲಿ ಮತ್ತು ಎಂಜಿನಿಯರ್ ಜೆರಾಲ್ಡ್ ಟಿಮ್ ಜೊತೆಗೂಡಿದರು. ಮೂತ್ರ ಹಿಡಿದಿಡಲಾಗದ ರೋಗಿಗಳಿಗಾಗಿ ಇವರು ದ್ರವದ ಒತ್ತಡದಿಂದ ನಡೆಯುವ ಒಂದು ಕೃತಕ ಬಿಗಿಪಟ್ಟಿಯನ್ನು ಆಗಲೇ ರೂಪಿಸಿದ್ದರು. ಅದೇ ಉಪಾಯವನ್ನು ಇಲ್ಲಿಗೂ ತಂದರು. ಎರಡು ಸಿಲಿಂಡರ್ ಶಿಶ್ನದೊಳಗೆ, ಉಪ್ಪುನೀರಿನ ಪುಟ್ಟ ಚೀಲ ಕಿಬ್ಬೊಟ್ಟೆಯೊಳಗೆ, ಪಂಪು ವೃಷಣದ ಚೀಲದೊಳಗೆ. ಪಂಪನ್ನು ಬೆರಳಿಂದ ಕೆಲವು ಸಲ ಒತ್ತಿದರೆ ನೀರು ಸಿಲಿಂಡರ್‌ಗಳಿಗೆ ಹರಿದು ಅಂಗ ನಿಮಿರುತ್ತದೆ. ಕೆಲಸ ಮುಗಿದ ಮೇಲೆ ಬಿಡುಗಡೆಯ ಗುಂಡಿ ಒತ್ತಿದರೆ ನೀರು ಚೀಲಕ್ಕೆ ವಾಪಸ್. ಹೊರಗೆ ಯಾವ ಕುರುಹೂ ಕಾಣದು. 1973ರಲ್ಲಿ ಅವರು ಇದನ್ನು ವೈದ್ಯಲೋಕದ ಮುಂದಿಟ್ಟರು. ಡಿ ಗ್ರಾಫನ ಪಿಚಕಾರಿ ಈಗ ಬದುಕಿರುವವನ ದೇಹದೊಳಗೇ ಕೂತಿತ್ತು.

ಮೊದಮೊದಲ ಪಂಪುಗಳು ಸೋರಿದವು, ಕೊಳವೆಗಳು ಮಡಚಿಕೊಂಡವು, ಮತ್ತೆ ಮತ್ತೆ ಆಪರೇಷನ್ ಬೇಕಾಯಿತು. ಅತ್ತ ಮಯಾಮಿಯಲ್ಲಿ ಸ್ಮಾಲ್ ಮತ್ತು ಕ್ಯಾರಿಯನ್ ಎಂಬ ವೈದ್ಯರು 1975ರಲ್ಲಿ ಪಂಪಿಲ್ಲದ ಸರಳ ಸಿಲಿಕೋನ್ ಕಡ್ಡಿಗಳ ಜೋಡಿ ತಂದರು. ಕೆಡಲು ಅದರಲ್ಲಿ ಏನೂ ಇಲ್ಲ. ಆದರೆ ಸದಾ ಅರೆಗಟ್ಟಿಯಾಗಿಯೇ ಇರುವುದರಿಂದ ಪ್ಯಾಂಟಿನೊಳಗೆ ಮುಚ್ಚಿಡುವುದು ಕಷ್ಟ. 1980ರಲ್ಲಿ ಜರ್ಮನಿಯ ಉಡೊ ಯೋನಾಸ್ ಸಿಲಿಕೋನಿನೊಳಗೆ ಬೆಳ್ಳಿಯ ತಂತಿ ಹಾಕಿದ ಕಡ್ಡಿ ರೂಪಿಸಿದರು. ಬೇಕಾದಾಗ ಮೇಲೆತ್ತಿ, ಬೇಡವಾದಾಗ ಕೆಳಗೆ ಬಾಗಿಸಿಡಬಹುದು.

ಮುಂಬೈ ಕೇಳುಗರಿಗೆ ಒಂದು ಮಾತು. ಈ ಕಥೆಯಲ್ಲಿ ನಿಮ್ಮ ಊರಿನ ಪಾಲೂ ಇದೆ. ಹೊರದೇಶದ ಇಂಪ್ಲಾಂಟುಗಳ ಬೆಲೆ ನಮ್ಮವರಿಗೆ ಎಟುಕದಿದ್ದಾಗ, ಮುಂಬೈನ ಪುರುಷರೋಗ ತಜ್ಞ ಡಾ. ರೂಪಿನ್ ಶಾ ಇಲ್ಲಿಯೇ ಸಿಲಿಕೋನ್ ಕಡ್ಡಿಯ ಇಂಪ್ಲಾಂಟ್ ರೂಪಿಸಿದರು. ಅವರ ಹೆಸರಿನಿಂದಲೇ ಅದನ್ನು ಶಾ ಪ್ರೊಸ್ಥೆಸಿಸ್ ಎನ್ನುತ್ತಾರೆ. ಪಂಪಿನ ಮಾದರಿಗೆ ಈಗಲೂ ಹಲವು ಲಕ್ಷ ರೂಪಾಯಿ ಬೇಕು. ಕಡ್ಡಿಯ ಮಾದರಿ ಅದರ ಮುಂದೆ ಬಹಳ ಅಗ್ಗ.

ಮಾತ್ರೆ ಬಂದದ್ದು ಆಮೇಲೆ

ನಿಮಗೆ ಆಶ್ಚರ್ಯವಾಗಬಹುದು. ಪಂಪು ಬಂದ ಕಾಲಕ್ಕೆ ಈ ತೊಂದರೆಗೆ ನಂಬಿಕೆಯ ಔಷಧಿಯೇ ಇರಲಿಲ್ಲ. ಬಹುತೇಕ ವೈದ್ಯರು "ಎಲ್ಲಾ ಮನಸ್ಸಿನಿಂದ" ಎಂದು ಹೇಳಿ ಕಳಿಸುತ್ತಿದ್ದರು. 1982ರಲ್ಲಿ ಫ್ರಾನ್ಸಿನ ವಿರಾಗ್ ಇಂಜೆಕ್ಷನ್ ದಾರಿ ತೋರಿಸಿದರು. ಮರುವರ್ಷ ಲಾಸ್ ವೇಗಸ್‌ನ ವೈದ್ಯರ ಸಭೆಯಲ್ಲಿ ಬ್ರಿಟನ್ನಿನ ಗೈಲ್ಸ್ ಬ್ರಿಂಡ್ಲಿ ಎಂಬ ವಿಜ್ಞಾನಿ ತನಗೇ ಇಂಜೆಕ್ಷನ್ ಚುಚ್ಚಿಕೊಂಡು ಬಂದು, ವೇದಿಕೆಯ ಮೇಲೆಯೇ ಫಲಿತಾಂಶ ತೋರಿಸಿ ಸಭಿಕರನ್ನು ಬೆಚ್ಚಿಬೀಳಿಸಿದರು! ಮನಸ್ಸಿನ ಹಂಗಿಲ್ಲದೆ ಔಷಧಿಯಿಂದಲೇ ಅಂಗ ನಿಮಿರಬಲ್ಲದು ಎಂದು ಅಲ್ಲಿದ್ದವರು ಕಣ್ಣಾರೆ ಕಂಡರು.

ಎದೆನೋವಿಗೆಂದು ಪರೀಕ್ಷಿಸುತ್ತಿದ್ದ ಸಿಲ್ಡೆನಾಫಿಲ್, ವಯಾಗ್ರ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದದ್ದು 1998ರ ಮಾರ್ಚ್‌ನಲ್ಲಿ. ಅಂದರೆ ಪಂಪಿಗಿಂತ 25 ವರ್ಷ ತಡವಾಗಿ. ಅಲ್ಲಿಂದ ಇಂಪ್ಲಾಂಟ್ ಮೊದಲ ಬಾಗಿಲಲ್ಲ, ಕೊನೆಯ ಬಾಗಿಲಾಯಿತು. ಮೊದಲು ಕಾರಣ ಹುಡುಕುವುದು, ಆಮೇಲೆ ಮಾತ್ರೆ, ಇಂಜೆಕ್ಷನ್, ಗಾಳಿ ಎಳೆಯುವ ವ್ಯಾಕ್ಯೂಮ್ ಸಾಧನ. ಇವು ಕೆಲಸ ಮಾಡದವರಿಗೆ, ಅಥವಾ ಒಗ್ಗದವರಿಗೆ, ಇಂಪ್ಲಾಂಟ್. ಹಳೆಯ ಸಕ್ಕರೆ ಕಾಯಿಲೆಯವರು, ಪ್ರಾಸ್ಟೇಟ್ ಕ್ಯಾನ್ಸರ್ ಆಪರೇಷನ್ ಆದವರು, ಬೆನ್ನುಹುರಿಗೆ ಅಥವಾ ಸೊಂಟದ ಮೂಳೆಗೆ ಪೆಟ್ಟಾದವರು ಹೆಚ್ಚಾಗಿ ಈ ಬಾಗಿಲಿಗೆ ಬರುತ್ತಾರೆ.

ಏನು ಸಿಗುತ್ತದೆ, ಏನು ಸಿಗದು?

ಇಂಪ್ಲಾಂಟ್ ಕೊಡುವುದು ಗಟ್ಟಿತನವನ್ನು ಮಾತ್ರ. ಮೊದಲಿದ್ದ ಸ್ಪರ್ಶಸುಖ, ಸ್ಖಲನ, ಮೂತ್ರ ಹೋಗುವುದು ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತವೆ. ಆಸೆ ಹೆಚ್ಚುವುದಿಲ್ಲ, ಉದ್ದ ಹೆಚ್ಚುವುದಿಲ್ಲ. ಮೊದಲಿಗಿಂತ ಸ್ವಲ್ಪ ಚಿಕ್ಕದಾಯಿತು ಎನ್ನುವವರೂ ಇದ್ದಾರೆ. ಆಪರೇಷನ್ ಆದ ಮೇಲೆ ಸುಮಾರು ನಾಲ್ಕರಿಂದ ಆರು ವಾರ ಕಾಯಬೇಕು. ಸೋಂಕು ತಗುಲಿದರೆ ಎಲ್ಲವನ್ನೂ ತೆಗೆಯಬೇಕಾದೀತು. 2001ರ ನಂತರ ಆಂಟಿಬಯಾಟಿಕ್ ಲೇಪಿಸಿದ ಇಂಪ್ಲಾಂಟುಗಳು ಬಂದು ಆ ಭಯ ಬಹಳ ತಗ್ಗಿದೆ. ಆದರೂ ಸಕ್ಕರೆ ಹತೋಟಿಯಲ್ಲಿ ಇಲ್ಲದವರು ಎಚ್ಚರದಿಂದಿರಬೇಕು. ಪಂಪು ಯಂತ್ರವಲ್ಲವೇ, ಹತ್ತು ಹನ್ನೆರಡು ವರ್ಷದ ಮೇಲೆ ಕೆಡಬಹುದು, ಬದಲಿಸಬೇಕಾಗಬಹುದು.

ಎಲ್ಲಕ್ಕಿಂತ ಮುಖ್ಯ ಮಾತು ಒಂದಿದೆ. ಇದು ಹಿಂದಿರುಗಿ ಬರಲಾಗದ ದಾರಿ. ಇಂಪ್ಲಾಂಟ್ ಕೂರಿಸುವಾಗ ಒಳಗಿನ ಸ್ಪಂಜಿಗೆ ಹಾನಿಯಾಗುತ್ತದೆ. ಆಮೇಲೆ ತೆಗೆಸಿದರೆ ಮೊದಲಿನಂತೆ ತಾನಾಗಿ ನಿಮಿರುವುದು ಬಹುತೇಕ ಸಾಧ್ಯವಿಲ್ಲ, ಮಾತ್ರೆಯೂ ನಾಟುವುದಿಲ್ಲ. ಅದಕ್ಕೇ ಒಳ್ಳೆಯ ವೈದ್ಯರು ಹೆಂಡತಿಯನ್ನೂ ಕರೆದುಕೊಂಡು ಬನ್ನಿ ಎನ್ನುವುದು. ಸರಿಯಾಗಿ ತಿಳಿದು ಮಾಡಿಸಿಕೊಂಡವರಲ್ಲಿ ಬಹಳ ಮಂದಿ ತೃಪ್ತರಾಗಿದ್ದಾರೆ. ಮತ್ತೆ ಇಪ್ಪತ್ತರ ಹುಡುಗನಾಗುತ್ತೇನೆ ಎಂದು ಹೋದವರಿಗೆ ನಿರಾಸೆ.

ಹೆಸರು ಬದಲಾಯಿತು, ನಾಚಿಕೆ?

ಹಿಂದೆ ಇಂಗ್ಲಿಷಿನಲ್ಲಿ ಇದಕ್ಕೆ ಇಂಪೊಟೆನ್ಸ್ ಎನ್ನುತ್ತಿದ್ದರು, ಕೈಲಾಗದವನು ಎಂಬ ಅರ್ಥದಲ್ಲಿ. 1992ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ ಆ ಪದ ಬಿಟ್ಟು, ಎರೆಕ್ಟೈಲ್ ಡಿಸ್‌ಫಂಕ್ಷನ್ ಎನ್ನಿ ಎಂದು ಸಲಹೆ ಮಾಡಿತು. ಮನುಷ್ಯನಿಗೆ ಅಂಟಿದ್ದ ಬೈಗುಳ ಹೋಗಿ ಅಂಗದ ತೊಂದರೆಗೆ ಹೆಸರು ಬಂತು. ಕನ್ನಡದಲ್ಲಿ ನಾವಿನ್ನೂ ಷಂಡ, ನಪುಂಸಕ ಎಂಬ ಮಾತುಗಳನ್ನು ಜಗಳದಲ್ಲಿ ಎಸೆಯುತ್ತೇವೆ. ಆ ಮಾತು ಯಾರಿಗೆ ತಾಗೀತು ಎಂದು ಯೋಚಿಸುವುದಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 40ರಿಂದ 70 ವರ್ಷದ ಗಂಡಸರಲ್ಲಿ ಶೇಕಡಾ 52 ಮಂದಿಗೆ ಸ್ವಲ್ಪವೋ ಹೆಚ್ಚೋ ಈ ತೊಂದರೆ ಕಂಡಿತ್ತು. ಹಾಗೆ ನೋಡಿದರೆ ಲೋಕಲ್ ಟ್ರೈನಿನ ಒಂದು ಬೆಂಚಿನಲ್ಲಿ ಕೂತ ಆ ವಯಸ್ಸಿನ ನಾಲ್ವರಲ್ಲಿ ಇಬ್ಬರು.

ಅದೇ ಡಬ್ಬಿಯ ಗೋಡೆಯ ಚೀಟಿಗಳ ಬಗ್ಗೆ ಹೇಳದಿದ್ದರೆ ತಪ್ಪಾದೀತು. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಎಂದು ಔಷಧಿಯ ಜಾಹೀರಾತು ಮಾಡುವುದು ನಮ್ಮ ದೇಶದಲ್ಲಿ 1954ರ ಕಾಯಿದೆಯಿಂದಲೇ ನಿಷಿದ್ಧ. ಚೀಟಿ ಅಂಟಿಸುವವರಿಗೆ ಕಾಯಿದೆಯ ಭಯವಿಲ್ಲ, ಏಕೆಂದರೆ ಮೋಸ ಹೋದವನು ದೂರು ಕೊಡಲು ಬರುವುದಿಲ್ಲ ಎಂದು ಅವರಿಗೆ ಗೊತ್ತು. ಇಂಥ ಪುಡಿಗಳಲ್ಲಿ ಗುಟ್ಟಾಗಿ ಸಿಲ್ಡೆನಾಫಿಲ್ ಬೆರೆಸಿರುವುದು ಎಷ್ಟೋ ಸಲ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ತಿಂದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ.

ಇನ್ನೂ ಒಂದು ಕಾರಣಕ್ಕೆ ಸುಮ್ಮನಿರಬಾರದು. ಶಿಶ್ನದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಸಣ್ಣವು. ಕೊಬ್ಬು ಕಟ್ಟತೊಡಗಿದರೆ ತೊಂದರೆ ಮೊದಲು ಅಲ್ಲಿ ಕಾಣುತ್ತದೆ. ಹೃದಯದ ಸರದಿ ಕೆಲವು ವರ್ಷಗಳ ನಂತರ ಬರಬಹುದು. ಪುಡಿ ತಿನ್ನುತ್ತಾ ಕಳೆದ ನಾಲ್ಕು ವರ್ಷ ಎಂದರೆ, ಹೃದಯವನ್ನು ನೋಡಿಸದೆ ಕಳೆದ ನಾಲ್ಕು ವರ್ಷವೂ ಹೌದು.

ಹೆಸರು ಹೇಳದ ಕೇಳುಗ ಮಿತ್ರರೇ, ನಿಮಗೆ ನನ್ನ ಉತ್ತರ ಇದು. ಹೌದ್ರಿ, ಪಂಪು ಇರುವುದು ಖರೆ. ಐವತ್ತು ವರ್ಷದಿಂದ ಇದೆ. ಆದರೆ ನಿಮಗೆ ಅದು ಬೇಕೋ ಬೇಡವೋ ಎಂದು ಹೇಳಬೇಕಾದವರು ವೈದ್ಯರು. ನಿಮ್ಮ ಸಕ್ಕರೆಯ ಡಾಕ್ಟರ ಹತ್ತಿರವೇ ಮೊದಲು ಬಾಯಿ ಬಿಡಿ. ಅವರು ಇಂಥ ಮಾತನ್ನು ದಿನಾ ಕೇಳುತ್ತಾರೆ. ರಕ್ತ ಪರೀಕ್ಷೆ, ಹೃದಯದ ಪರೀಕ್ಷೆ ಆಗಲಿ, ಬೇಕಾದರೆ ಅವರೇ ಮೂತ್ರಾಂಗ ತಜ್ಞರ ಹತ್ತಿರ ಕಳಿಸುತ್ತಾರೆ.

ಅದಕ್ಕೂ ಮೊದಲು ಮನೆಯವರಿಗೆ ಹೇಳಿ. ನಾಲ್ಕು ವರ್ಷದಿಂದ ನೀವು ಮುಖ ತಿರುಗಿಸಿದ್ದಕ್ಕೆ ಅವರು ತಮ್ಮಲ್ಲೇ ಏನೋ ತಪ್ಪು ಹುಡುಕುತ್ತಿರಬಹುದು. ಅಂದು ನೀವು ಕೇಳಿದ್ದು ಅವರಿಗಿಷ್ಟವಾದ ಹಾಡು ಎಂದಿದ್ದಿರಿ. ಮುಂದಿನ ವಾರ ಮತ್ತೆ ಹಾಕುತ್ತೇನೆ, ಇಬ್ಬರೂ ಕೂತು ಕೇಳಿ.